ಒಂದೇ ಪ್ರಯಾಣ, ಎರಡು ಪಾಠ

ಪರೀಕ್ಷೆಯಲ್ಲಿ ಒಂದು ಪದ ತಪ್ಪಾದರೆ ಅರ್ಧ ಅಂಕ ಹೋದೀತು, ಅಷ್ಟೆ. 1938ರ ಜನವರಿಯಲ್ಲಿ ಒಂದು ಪದ ಅದಲು ಬದಲಾಗಿ ಇಬ್ಬರು ಹಿರಿಯರ ನಡುವೆ ದೊಡ್ಡ ವಾಗ್ವಾದವೇ ಎದ್ದಿತು.

ದೇವಬಂದ್ ಮದರಸಾದ ಮುಖ್ಯಸ್ಥ ಮೌಲಾನಾ ಹುಸೇನ್ ಅಹ್ಮದ್ ಮದನಿಯವರು ದೆಹಲಿಯ ಸಭೆಯೊಂದರಲ್ಲಿ, ಈ ಕಾಲದಲ್ಲಿ 'ಕೌಮ್'ಗಳು ರೂಪುಗೊಳ್ಳುವುದು ನೆಲದಿಂದ ಎಂದಿದ್ದರು. ವರದಿಯಲ್ಲಿ ಅದು 'ಮಿಲ್ಲತ್' ಎಂದಾಯಿತು. ಕನ್ನಡದ ಕಿವಿಗೆ ಎರಡೂ ಒಂದೇ. ಮದನಿಯವರಿಗೆ ಮಾತ್ರ ಹಾಗಲ್ಲ: ನಾಡು, ನುಡಿ, ಕುಲ ಯಾವುದರಿಂದಲಾದರೂ ಒಂದುಗೂಡಿದ ಜನ ಕೌಮ್, ಮಿಲ್ಲತ್ ಎಂದರೆ ಧರ್ಮದ ದಾರಿ. ಆ ದಾರಿಯನ್ನೇ ನೆಲ ರೂಪಿಸುತ್ತದೆ ಎಂದು ಮೌಲಾನಾ ಒಬ್ಬರು ಹೇಳಿದರೆಂದರೆ ಕೇಳಿದವರು ಸುಮ್ಮನಿದ್ದಾರೆಯೇ?

ಲಾಹೋರಿನಲ್ಲಿ ಕಾಯಿಲೆಯಿಂದ ಬಳಲುತ್ತಿದ್ದ ಕವಿ ಇಕ್ಬಾಲ್ ಸುಮ್ಮನಿರಲಿಲ್ಲ. ಪಾರಸಿಯಲ್ಲಿ ಮೂರೇ ದ್ವಿಪದಿ ಬರೆದು ಮೌಲಾನಾರನ್ನು ಹೆಸರು ಹಿಡಿದೇ ಚುಚ್ಚಿದರು. ಇಂದಿಗೂ ಶಾಲೆಯ ಮಕ್ಕಳು ಹಾಡುವ 'ತರಾನಾ-ಎ-ಹಿಂದಿ'ಯನ್ನು 1904ರಲ್ಲಿ ಬರೆದದ್ದು ಇವರೇ! ಆದರೆ ಆಮೇಲೆ ಯುರೋಪಿನಲ್ಲಿ ಓದಿ ಬಂದ ಕವಿಗೆ, ದೇಶವನ್ನೇ ದೇವರಾಗಿಸಿಕೊಂಡವರು ಒಬ್ಬರನ್ನೊಬ್ಬರು ನುಂಗುತ್ತಾರೆಂಬ ಭಯ ಹುಟ್ಟಿತ್ತು. ಆ ಭಯ ಸುಳ್ಳಾಗಿರಲಿಲ್ಲ ಎನ್ನುವುದಕ್ಕೆ ಎರಡು ಮಹಾಯುದ್ಧಗಳೇ ಸಾಕ್ಷಿ.

ಇಬ್ಬರ ವಾದವೂ ಒಂದೇ ಪ್ರಯಾಣದಿಂದ ಹೊರಟಿದ್ದು ವಿಚಿತ್ರ. 622ರಲ್ಲಿ ಪ್ರವಾದಿಯವರು ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದರು. ಹುಟ್ಟೂರನ್ನೇ ತೊರೆದದ್ದು ನೋಡಿ, ನಂಬಿಕೆಗೆ ನೆಲದ ಹಂಗಿಲ್ಲ ಎಂದರು ಇಕ್ಬಾಲ್. ತಲುಪಿದ ಮೇಲೆ ಮಾಡಿದ್ದನ್ನೂ ನೋಡಿ ಎಂದರು ಮದನಿ: ಅಲ್ಲಿನ ಒಪ್ಪಂದದಲ್ಲಿ ಯಹೂದಿಗಳನ್ನೂ ಮುಸ್ಲಿಮರೊಂದಿಗೆ ಒಂದೇ ಸಮುದಾಯವೆಂದು ಎಣಿಸಲಾಗಿತ್ತು, ಅವರವರ ಧರ್ಮ ಅವರವರಿಗೆ. ಹಾಗಾದರೆ ಹಿಂದೂಗಳ ಜೊತೆ ಸೇರಿ ಒಂದು ಕೌಮ್ ಆಗಿ ಬ್ರಿಟಿಷರನ್ನು ಎದುರಿಸಲು ಅಡ್ಡಿಯೇನು? ಮಾಲ್ಟಾ ದ್ವೀಪದಲ್ಲಿ ಬ್ರಿಟಿಷರ ಸೆರೆಯಲ್ಲಿದ್ದು ಬಂದವರಿಗೆ ಇದು ಬರೀ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ.

ಮಧ್ಯಸ್ಥರೊಬ್ಬರು ಇಬ್ಬರಿಗೂ ಪತ್ರ ಬರೆದರು. ತಾವು ಹೇಳಿದ್ದು ಕೌಮ್, ಅದೂ ಲೋಕದಲ್ಲಿ ನಡೆಯುತ್ತಿರುವುದನ್ನು ವಿವರಿಸಲು ಎಂದು ಮದನಿ ತಿಳಿಸಿದರು. ಹಾಗಿದ್ದರೆ ಆಕ್ಷೇಪಿಸುವ ಹಕ್ಕು ತಮಗಿಲ್ಲವೆಂದು ಇಕ್ಬಾಲ್ ಮಾರ್ಚ್ ಕೊನೆಯಲ್ಲಿ ಲಾಹೋರಿನ ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರು. ತಮ್ಮ ವಿಚಾರವನ್ನೇನೂ ಬಿಟ್ಟುಕೊಡಲಿಲ್ಲ, ಜಗಳವನ್ನು ಬಿಟ್ಟರು. ಏಪ್ರಿಲ್ 21ರಂದು ತೀರಿಕೊಂಡರು.

ಅದೇ ವರ್ಷ ಅವರ ಕೊನೆಯ ಕವನ ಸಂಕಲನ ಅಚ್ಚಾಯಿತು. ಆ ಮೂರು ದ್ವಿಪದಿಗಳು ಅದರಲ್ಲಿ ಸೇರಿದವು. ಹೇಳಿಕೆ ಸೇರಲಿಲ್ಲ.