ಕೆಂಪು ಪೆನ್ನು

22 ವರ್ಷ ಮೈಸೂರಿನಲ್ಲಿ ಹಳಗನ್ನಡ ಪಾಠ ಮಾಡಿ ಕಲಬುರಗಿ ಸೀಮೆಯ ಈ ವಿಶ್ವವಿದ್ಯಾಲಯಕ್ಕೆ ಬಂದೆ. ಬಿಸಿಲಿಗೆ ಮೈ ಒಗ್ಗಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿ ನಾಲಿಗೆಗೆ ಹತ್ತಿದವು. ಒಗ್ಗದೆ ಉಳಿದದ್ದು ನನ್ನ ಹಮ್ಮು.

ಮೈಸೂರಿನಲ್ಲಿ ಕ್ಯಾಂಟೀನಿಗೆ ಕಾಲಿಟ್ಟರೆ ಕೇಳುವ ಮೊದಲೇ ಕಾಫಿ ಬರುತ್ತಿತ್ತು. ಇಲ್ಲಿ ಮೊದಲ ವಾರವೇ ಲೈಬ್ರರಿಯ ಕಪಾಟುಗಳ ನಡುವೆ ನನ್ನ ಪುಸ್ತಕಗಳನ್ನು ಕದ್ದುಮುಚ್ಚಿ ಹುಡುಕಿದೆ. ಒಂದೂ ಇರಲಿಲ್ಲ. ಆಮೇಲೆ ವಿಭಾಗದ ಸಭೆಗಳಲ್ಲಿ ‘ನಮ್ಮ ಮೈಸೂರಲ್ಲಿ ಹೀಗಲ್ಲ’ ಎನ್ನುವುದು ಚಟವಾಯಿತು. ಸಹೋದ್ಯೋಗಿಗಳು ‘ಹೌದ್ರಿ ಸರ್’ ಎನ್ನುತ್ತಿದ್ದರು. ಅದು ಒಪ್ಪಿಗೆಯಲ್ಲ, ಬರೀ ಮರ್ಯಾದೆ ಎಂದು ತಿಳಿಯಲು ಆರು ತಿಂಗಳು ಬೇಕಾಯಿತು.

ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಸ್ಥಾನದ ಬಗ್ಗೆ ವಿದ್ಯಾರ್ಥಿನಿಯೊಬ್ಬಳು ಸೆಮಿನಾರ್ ಪ್ರಬಂಧ ಬರೆದಿದ್ದಳು. ಕವಿಗಳು ಸಭೆಯಲ್ಲಿ ‘ಕೂಡ್ರುತ್ತಿದ್ದರು’ ಎಂದಿತ್ತು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ‘ಕುಳಿತುಕೊಳ್ಳುತ್ತಿದ್ದರು’ ಎಂದು ತಿದ್ದಿ, ಭಾಷೆಗೆಂದು ಎರಡು ಅಂಕ ಕಳೆದೆ. ಅದೇ ವಾರ ತರಗತಿಯಲ್ಲಿ ಕವಿರಾಜಮಾರ್ಗ ನಡೆಯುತ್ತಿತ್ತು. 9ನೇ ಶತಮಾನದ ಆ ಗ್ರಂಥ ಕನ್ನಡವನ್ನು ಬಹುವಚನದಲ್ಲಿ ಕರೆಯುತ್ತದೆ. ದೇಸಿ ಬೇರೆ ಬೇರೆಯಾದ್ದರಿಂದ ಕನ್ನಡಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರವಾದೀತು ಎನ್ನುತ್ತದೆ. ಪದ್ಯವನ್ನು ಸೊಗಸಾಗಿಯೇ ವಿವರಿಸಿದೆ. ತಿದ್ದಿದ ಪ್ರಬಂಧ ಮೇಜಿನ ಮೇಲೆಯೇ ಇತ್ತು.

ತರಗತಿ ಮುಗಿದ ಮೇಲೆ ಅವಳು ಹತ್ತಿರ ಬಂದಳು. “ಸರ್, ಕೂಡ್ರೋದು ತಪ್ಪೇನ್ರಿ?”

“ಗ್ರಾಂಥಿಕವಲ್ಲಮ್ಮ,” ಎಂದೆ.

ಅವಳು ವಾದಿಸಲಿಲ್ಲ. “ನಮ್ಮೂರು ಮಳಖೇಡದ ಬಾಜೂಕೇ ಅದರಿ. ನೀವು ನೋಡೀರೇನ್ರಿ?”

ನೋಡಿರಲಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು 22 ವರ್ಷ ಬಾಯಲ್ಲಿ ಹೇಳಿದ್ದೇ ಹೇಳಿದ್ದು. ಅದೇ ಈ ಮಳಖೇಡ, ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್.

ಭಾನುವಾರ ಬಸ್ ಹತ್ತಿದೆ. ಕಾಗಿಣಾ ನದಿಯ ದಂಡೆ, ಹಳೆಯ ಕೋಟೆ. ಬಿಸಿಲಲ್ಲಿ ಬೆವರುತ್ತಾ ನಿಂತವನಿಗೆ ನೆರಳಲ್ಲಿದ್ದ ಮುದುಕರೊಬ್ಬರು ಪಕ್ಕದ ಕಲ್ಲು ತೋರಿಸಿದರು. “ಯಾಕ ನಿಂತೀರಿ? ಕೂಡ್ರಿ, ಕೂಡ್ರಿ.”

ಕೂತೆ. ಸುತ್ತು ಹಾಕಲು ಕೈಯಲ್ಲಿ ಪೆನ್ನಿರಲಿಲ್ಲ.

ಸೋಮವಾರ, ಕಳೆದಿದ್ದ ಅಂಕ ಸೇರಿಸಿದೆ, ಕಾರಣ ಬರೆಯಲಿಲ್ಲ. ಅವಳು ಕೇಳಲೂ ಇಲ್ಲ. ತಪ್ಪು ನನ್ನದು ಎಂಬ ಎರಡು ಪದವನ್ನು ಆ ಹಾಳೆಯ ಅಂಚಿನಲ್ಲಿ ಬರೆಯಲಾಗದೆ, ಅವಳು ಓದುತ್ತಾಳೋ ಇಲ್ಲವೋ ಗೊತ್ತಿಲ್ಲದ ಕಡೆ ಇಷ್ಟುದ್ದ ಬರೆಯುತ್ತಿದ್ದೇನೆ. ಮೇಷ್ಟ್ರ ಹಮ್ಮು ಇನ್ನೂ ಪೂರ್ತಿ ಇಳಿದಿಲ್ಲ.