ಅರ್ಧ ಶನಿವಾರ

ನಾನು ಬ್ಯಾಂಕು ಸೇರಿದ ಕಾಲಕ್ಕೆ ಶನಿವಾರವೆಂದರೆ ಅರ್ಧ ದಿನ. ನಮ್ಮ ಶಾಖೆಯಲ್ಲಿ ಹತ್ತಕ್ಕೆ ಕೌಂಟರ್ ತೆರೆದರೆ ಹನ್ನೆರಡಕ್ಕೆ ಬಂದ್. ಆ ಎರಡು ಗಂಟೆಯ ರಭಸ ನೋಡಬೇಕಿತ್ತು! ಬೇರೆ ದಿನ ಪಾಸ್‌ಬುಕ್ ಬರೆಸುವ ನೆಪದಲ್ಲಿ ಬಂದು ಅಡಿಕೆ ಧಾರಣೆ, ಮಗಳ ಮದುವೆ ಎಲ್ಲ ಹರಟಿ ಹೋಗುವ ಗಿರಾಕಿಗಳೂ ಅವತ್ತು ಚಲನ್ ತುಂಬಿಕೊಂಡೇ ಬರುತ್ತಿದ್ದರು. ಹಿತ್ತಾಳೆ ಟೋಕನ್ನುಗಳ ಟಣಟಣ, ಕ್ಯಾಷಿಯರ್ ಒದ್ದೆ ಸ್ಪಂಜಿಗೆ ಬೆರಳು ತಾಗಿಸಿ ನೋಟೆಣಿಸುವ ಪಟಪಟ. ಸೋಮವಾರ ಹತ್ತು ಪೈಸೆ ಡಿಫರೆನ್ಸ್ ಹುಡುಕುತ್ತ ರಾತ್ರಿ ಎಂಟು ಮಾಡುತ್ತಿದ್ದವರು ನಾವೇ. ಶನಿವಾರ ಮ್ಯಾಟಿನಿಗೆ ಹೊರಟಿದ್ದರೆ ಆ ಹತ್ತು ಪೈಸೆ ತಾನಾಗಿಯೇ ಬಂದು ಕಾಲಿಗೆ ಬೀಳುತ್ತಿತ್ತು.

ಆದರೆ ಮ್ಯಾನೇಜರರ ಕಣ್ಣಿಗೆ ಕೆಲಸಗಾರ ಎಂದರೆ ಬೇರೆಯೇ. ನಮ್ಮಲ್ಲೊಬ್ಬ ಮಹಾನುಭಾವರು ಸಂಜೆ ಏಳಾದರೂ ಮೇಜಿನ ತುಂಬ ಲೆಡ್ಜರ್ ಹರಡಿಕೊಂಡು, ಅದರ ಮರೆಯಲ್ಲಿ ಪದಬಂಧ ಬಿಡಿಸುತ್ತಿದ್ದರು. ಬಡ್ತಿ ಮೊದಲು ಬಂದದ್ದು ಅವರಿಗೇ. ಎಲ್ಲ ಮುಗಿಸಿ ಹೊತ್ತಿಗೆ ಸರಿಯಾಗಿ ಎದ್ದವನು ಮಾತ್ರ "ಏನ್ರೀ, ಹೊರಟೇಬಿಟ್ರಾ?" ಎಂಬ ಹೊಸ್ತಿಲು ದಾಟಬೇಕು.

2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ತಿ ರಜೆ, ಉಳಿದವು ಪೂರ್ತಿ ಕೆಲಸ ಎಂದಾಯಿತು. ಲೆಕ್ಕವೇನೋ ಸರಿಯೇ, ಅರ್ಧ ಶನಿವಾರದ ರುಚಿ ಮಾತ್ರ ಹೋಯಿತು.

ಈಗ ಗಂಟೆಗಳ ಹರಾಜು ನಡೆದಿದೆ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು: 90 ಗಂಟೆ. ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದೂ ಕೇಳಿದ್ದರು. ನಮ್ಮವಳಿಗೆ ಓದಿ ಹೇಳಿದೆ. "ನೀವು ಯಾವತ್ತು ನೋಡಿದ್ರಿ? ಮಧ್ಯೆ ಪೇಪರ್ ಇರ್ತಿತ್ತಲ್ಲ" ಎಂದಳು.

ಬ್ಯಾಂಕಿಗೆ ಐದು ದಿನದ ವಾರ ಬೇಕೆಂದು 2024ರ ಮಾರ್ಚಿನಲ್ಲಿ ಆಡಳಿತದವರೂ ನೌಕರ ಸಂಘಗಳೂ ಒಪ್ಪಿದರು. ಸರ್ಕಾರ ಹ್ಞೂಂ ಅನ್ನಬೇಕು. ಬದಲಿಗೆ ದಿನಕ್ಕೆ 40 ನಿಮಿಷ ಹೆಚ್ಚಿಗೆ ದುಡಿಯುವ ಮಾತು. ಅಲ್ಲೂ ನೋಡಿ, ಕೂತದ್ದಕ್ಕೇ ಲೆಕ್ಕ. ನಿವೃತ್ತನ ಮಾತು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ: ಆ 40 ನಿಮಿಷದಲ್ಲಿ ಒಂದು ವೋಚರೂ ಹೆಚ್ಚಿಗೆ ಪಾಸಾಗುವುದಿಲ್ಲ, ಕಾಫಿ ಒಂದು ಸುತ್ತು ಹೆಚ್ಚು ಬರುತ್ತದೆ.