ಊರಿನ ಹೆಸರು ಹೊತ್ತ ಗಿಟಾರ್

ಷಿಕಾಗೋ ನಗರದಿಂದ ಡೆಟ್ರಾಯಿಟಿಗೆ ಹೋಗುವ ರೈಲುದಾರಿಯಲ್ಲಿ, ಹೆಚ್ಚುಕಡಿಮೆ ನಡುಮಧ್ಯದಲ್ಲಿ, ಕ್ಯಾಲಮಜೂ ಎಂಬ ಊರು ಸಿಗುತ್ತದೆ. ಅಮೆರಿಕದ ಮೂಲನಿವಾಸಿಗಳ ನುಡಿಯಿಂದ ಬಂದ ಈ ಹೆಸರನ್ನು ಒಮ್ಮೆ ಕೇಳಿದವರು ಮರೆಯುವುದು ಕಷ್ಟ. 1942ರಲ್ಲಿ ಗ್ಲೆನ್ ಮಿಲ್ಲರನ ವಾದ್ಯವೃಂದವು ಈ ಊರಿನ ಹುಡುಗಿಯೊಬ್ಬಳನ್ನು ಕುರಿತ ಹಾಡಿನಿಂದ ಇದನ್ನು ದೇಶದ ಮನೆಮನೆಗೂ ಪರಿಚಯಿಸಿತು. ಅದಕ್ಕೆ ಮೊದಲು ಸೆಲೆರಿ ಬೇಸಾಯಕ್ಕೂ ಕಾಗದದ ಗಿರಣಿಗಳಿಗೂ ಹೆಸರಾಗಿದ್ದ ಊರು ಇದು.

ಆದರೆ ಸಂಗೀತಪ್ರಿಯನಾದ ಪ್ರವಾಸಿಯನ್ನು ಇಲ್ಲಿಗೆ ಎಳೆದು ತರುವುದು ಈ ಯಾವುದೂ ಅಲ್ಲ. ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಪಾರ್ಸನ್ಸ್ ಬೀದಿಯಿದೆ. ಅಲ್ಲಿ 225ನೆಯ ನಂಬರಿನ ಇಟ್ಟಿಗೆಯ ಕಟ್ಟಡವು 1917ರಲ್ಲಿ ಗಿಬ್ಸನ್ ಸಂಸ್ಥೆಯ ವಾದ್ಯ ಕಾರ್ಖಾನೆಯಾಯಿತು. ಸಂಸ್ಥೆಗೆ ಹೆಸರು ಕೊಟ್ಟ ಆರ್ವಿಲ್ ಗಿಬ್ಸನ್ ನ್ಯೂಯಾರ್ಕ್ ಪ್ರಾಂತ್ಯದಿಂದ ಬಂದು, ಈ ಊರಿನ ಪಾದರಕ್ಷೆಯ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಬಿಡುವಿನ ವೇಳೆಯಲ್ಲಿ ಪಿಟೀಲಿನಂತೆ ಉಬ್ಬಿದ ಮೈಯುಳ್ಳ ಮ್ಯಾಂಡೊಲಿನ್‌ಗಳನ್ನು ಕೆತ್ತುತ್ತಿದ್ದನು. 1902ರಲ್ಲಿ ಊರಿನ ವರ್ತಕರು ಕೂಡಿ ಅವನ ಹೆಸರಿನಲ್ಲಿ ಕಂಪನಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಗಿಬ್ಸನ್ ಎಂಬುದು ಘನತೆಯ ಮುದ್ರೆಯಾಯಿತು.

1929ರ ಬಳಿಕ ಆರ್ಥಿಕ ಮುಗ್ಗಟ್ಟು ಬಂದಿತು. ಊಟಕ್ಕೇ ತತ್ತ್ವಾರವಾದಾಗ ವಾದ್ಯ ಕೊಳ್ಳುವವರಾರು? ಕಾರ್ಖಾನೆ ಕೆಲಕಾಲ ಮರದ ಆಟಿಕೆಗಳನ್ನೂ ಮಾಡಿ ಕೆಲಸಗಾರರ ಕೈಗೆ ಕೆಲಸವೊದಗಿಸಿತು. ಅದೇ ದಶಕದಲ್ಲಿ ಬಡವರಿಗೂ ನಿಲುಕುವ ಬೆಲೆಯ ಗಿಟಾರ್‌ಗಳನ್ನು ತಯಾರಿಸಲು ತೊಡಗಿತು. ಆದರೆ ಅಗ್ಗದ ವಸ್ತುವಿನ ಮೇಲೆ ತನ್ನ ಹೆಸರನ್ನು ಬರೆಯಲು ಸಂಸ್ಥೆಗೆ ಮನಸ್ಸಾಗಲಿಲ್ಲ. ದುಬಾರಿ ಮಾಲಿನ ಮರ್ಯಾದೆಗೆ ಕುಂದು ಬಂದೀತೆಂಬ ಅಂಜಿಕೆ. ಗಿಬ್ಸನ್ ಎಂದಿರಬೇಕಾದ ಜಾಗದಲ್ಲಿ ಊರಿನ ಹೆಸರನ್ನೇ ಬರೆದರು: ಕ್ಯಾಲಮಜೂ.

ಬೆಲೆ ಇಳಿದದ್ದು ಹೇಗೆ? ಉತ್ತಮ ಗಿಟಾರಿನ ಮುಚ್ಚಲ ಹಲಗೆಯ ಒಳಮೈಗೆ ಗುಣಾಕಾರದ ಚಿಹ್ನೆಯಂತೆ ಹಾಯುವ ಆಧಾರಪಟ್ಟಿಗಳನ್ನು ಅಂಟಿಸುವುದುಂಟು. ಇದು ಕುಶಲ ಕೆಲಸ. ಅದಕ್ಕೆ ಬದಲಾಗಿ ಇಲ್ಲಿ ಏಣಿಯ ಮೆಟ್ಟಿಲುಗಳಂತೆ ಅಡ್ಡಪಟ್ಟಿಗಳನ್ನು ಕೂರಿಸಿದರು. ಕುತ್ತಿಗೆಯೊಳಗೆ ಬಾಗದಂತೆ ತಡೆಯುವ, ಬೇಕಾದಾಗ ಬಿಗಿ ಮಾಡಬಹುದಾದ ಉಕ್ಕಿನ ಸರಳನ್ನು ಕೈಬಿಟ್ಟರು. ಮುತ್ತಿನ ಚಿಪ್ಪಿನ ಅಲಂಕಾರಗಳಿಗೆ ಕತ್ತರಿ ಹಾಕಿದರು. ಮರದಲ್ಲಿ ಮಾತ್ರ ಮೋಸವಾಗಲಿಲ್ಲ. ಮುಂಭಾಗಕ್ಕೆ ಸ್ಪ್ರೂಸ್, ಬೆನ್ನಿಗೂ ಪಕ್ಕಗಳಿಗೂ ಮಹಾಗನಿ. ದೊಡ್ಡ ಹೆಸರಿನ ವಾದ್ಯಗಳು ಹುಟ್ಟುತ್ತಿದ್ದ ಸೂರಿನಡಿಯಲ್ಲೇ ಇವೂ ಹುಟ್ಟಿದುವು.

ಏಣಿಪಟ್ಟಿಯ ಗಿಟಾರಿನ ನಾದ ಥಟ್ಟನೆ ಚಿಮ್ಮಿ ಬೇಗನೆ ಅಡಗುತ್ತದೆ. ಗಂಭೀರವಾದ ಅನುರಣನ ಕಡಮೆ. ಇದನ್ನು ಕೊರತೆಯೆಂದೇ ಬಹುಕಾಲ ಎಣಿಸಿದ್ದರು. ಆದರೆ ಬ್ಲೂಸ್ ಹಾಡುವವನಿಗೆ ಇದೇ ಅನುಕೂಲ. ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುವುದಿಲ್ಲ, ಹಾಡುವವನ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಇಂದು ಆ ಹಳೆಯ ನಾದವನ್ನೇ ಅರಸಿ, ಇಂತಹ ಗಿಟಾರಿಗೆ ಸಾವಿರ ಡಾಲರಿಗೂ ಮೇಲೆ ಕೊಡುವವರಿದ್ದಾರೆ. ಬಡವನ ಒಡನಾಡಿಯಾಗಿದ್ದ ವಾದ್ಯವನ್ನು ಬಡವನೇ ಕೊಳ್ಳಲಾರದಂತಾದದ್ದು ಕಾಲದ ವಿನೋದವೆನ್ನಬೇಕು.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋಗ್ರಾಂ ಭಾರದಷ್ಟು. ಎಂಬತ್ತು ವರ್ಷ ಅದನ್ನು ತಾಳಿದ ಕುತ್ತಿಗೆ ಬಾಗಿರಬಹುದು, ಅದರ ಬುಡ ಸಡಿಲಿರಬಹುದು. ತಂತಿ ಮೇಲೆದ್ದರೆ ಬೆರಳು ನೋಯುತ್ತದೆ, ಸ್ವರ ತಪ್ಪುತ್ತದೆ. ಕುತ್ತಿಗೆಯನ್ನು ಬಿಚ್ಚಿ ಮತ್ತೆ ಕೂರಿಸುವ ಖರ್ಚು ಕೆಲವೊಮ್ಮೆ ವಾದ್ಯದ ಬೆಲೆಯನ್ನೂ ಮೀರೀತು. ಬಿರುಕನ್ನು ಅಂಟಿಸಬಹುದು; ಕುತ್ತಿಗೆಯನ್ನು ನೋಡದೆ ಕೊಳ್ಳಬಾರದು.

ಅಗ್ಗದಲ್ಲಿಯೂ ಎರಡು ಬಗೆಯುಂಟು ಎಂಬುದಕ್ಕೆ ಇದೇ ಹೆಸರು ಸಾಕ್ಷಿ. 1940ರ ದಶಕದ ಆರಂಭದಲ್ಲಿ ನಿಂತುಹೋಗಿದ್ದ ಈ ಹೆಸರನ್ನು 1965ರಲ್ಲಿ ಮತ್ತೆ ಎತ್ತಿಕೊಂಡು, ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ವಿದ್ಯುತ್ ಗಿಟಾರ್‌ಗಳಿಗೆ ಇಟ್ಟರು. ಮೊದಲಿನವರು ಸೊಬಗನ್ನು ಉಳಿತಾಯ ಮಾಡಿದ್ದರು. ಇವರು ಮರವನ್ನೇ ಉಳಿತಾಯ ಮಾಡಿದರು. ಈ ಎರಡನೆಯ ಸಂತತಿ ಕೆಲವೇ ವರ್ಷಗಳಲ್ಲಿ ಮುಗಿಯಿತು.

ಯುದ್ಧಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಪಾರ್ಸನ್ಸ್ ಬೀದಿಯಲ್ಲಿ ಗಿಟಾರ್‌ಗಳನ್ನು ಕಟ್ಟಿದವರು ಬಹುಮಟ್ಟಿಗೆ ಹೆಂಗಸರು. ಕ್ಯಾಲಮಜೂವಿನ ಹುಡುಗಿಯ ಹಾಡನ್ನು ದೇಶವೆಲ್ಲ ಗುನುಗುತ್ತಿದ್ದಾಗ, ನಿಜವಾದ ಕ್ಯಾಲಮಜೂ ಹುಡುಗಿಯರು ಮರಕ್ಕೆ ಅಂಟು ಬಳಿಯುತ್ತಿದ್ದರು! ಅವರ ಹೆಸರನ್ನು ಯಾವ ವಾದ್ಯದ ಮೇಲೂ ಬರೆದಿಲ್ಲ.

1970ರ ದಶಕದಲ್ಲಿ ಸಂಸ್ಥೆ ನ್ಯಾಷ್‌ವಿಲ್ ನಗರದಲ್ಲಿ ಹೊಸ ಕಾರ್ಖಾನೆ ತೆರೆಯಿತು. 1984ರಲ್ಲಿ ಪಾರ್ಸನ್ಸ್ ಬೀದಿಯ ಬಾಗಿಲನ್ನು ಮುಚ್ಚಿತು. ಊರು ಬಿಟ್ಟುಹೋಗಲೊಪ್ಪದ ಕೆಲವರು ಕೆಲಸಗಾರರು 1985ರಲ್ಲಿ ಅದೇ ಕಟ್ಟಡದಲ್ಲಿ, ಹಳೆಯ ಯಂತ್ರಗಳಲ್ಲಿ ಕೆಲವನ್ನು ಕೊಂಡು, ಹೆರಿಟೇಜ್ ಎಂಬ ಹೆಸರಿನಲ್ಲಿ ಮತ್ತೆ ಗಿಟಾರ್ ಮಾಡತೊಡಗಿದರು.

ದೊಡ್ಡ ಹೆಸರು ಊರನ್ನು ಬಿಟ್ಟುಹೋಯಿತು. ಆ ಹೆಸರಿಗೆ ಯೋಗ್ಯವಲ್ಲವೆಂದು ತೀರ್ಮಾನಿಸಿದ್ದ ಅಗ್ಗದ ಗಿಟಾರ್‌ಗಳು ಮಾತ್ರ, ಎಲ್ಲಿಗೆ ಹೋದರೂ, ತಾವು ಹುಟ್ಟಿದ ಊರನ್ನು ಹಣೆಯ ಮೇಲೆ ಹೊತ್ತೇ ಇವೆ.